ಸೀನಿಗೆ ನಿಲ್ಲುತ್ತಿದ್ದ ಗಿರಣಿ

ಕೇಶ್ವಾಪುರದಲ್ಲಿ ನಮ್ಮ ಪಕ್ಕದ ಮನೆಯಾಕೆ, ಓಣಿಗೆಲ್ಲ ಕಾಕು, ಪಡಸಾಲೆಯಲ್ಲೇ ಖಾರ ಕುಟ್ಟುವ ಗಿರಣಿ ಇಟ್ಟುಕೊಂಡಿದ್ದರು. ಕುಟ್ಟುವ ಮುನ್ನ, ಒಣಹಾಕಿದ ಬಟ್ಟೆಗೆ ಖಾರ ಕೂರದಿರಲೆಂದು ಓಣಿಯ ಮನೆಮನೆಗೂ ಹೋಗಿ, "ಅರಬಿ ಒಳಗ ತಗೋರಿ, ಖಾರ ಕುಟ್ಟತೇನಿ" ಎಂದು ಹೇಳಿ ಬರುವರು. ಆಮೇಲೆ ಬಾಗಿಲು ಹಾಕಿ, ಸಂದಿಗೆ ಹಸಿ ಗೋಣಿಚೀಲ ತುರುಕುವರು. ಇಷ್ಟಾದರೂ ಯಾರಾದರೂ ಸೀನಿದರೆ ಅವರ ಕೈ ತಾನಾಗಿ ಸ್ವಿಚ್ಚಿಗೆ ಹೋಗಿ ಗಿರಣಿ ನಿಲ್ಲುತ್ತಿತ್ತು. ಆ ಸಪ್ಪಳದಲ್ಲಿ ಸೀನು ಅವರಿಗೆ ಹೇಗೆ ಕೇಳುತ್ತಿತ್ತೋ!

ಆದರೂ ಓಣಿಯವರೇ ಒಬ್ಬರು ದೂರು ಕೊಟ್ಟರು. ಪಾಲಿಕೆಯ ಅಧಿಕಾರಿ ಬಂದರು.

"ಇದು ವಸತಿ ವಲಯರಿ. ಗಿರಣಿ ಕೈಗಾರಿಕಾ ವಲಯಕ್ಕ ಒಯ್ಯಬೇಕ್ರಿ."

"ಖಾರ ಕುಟ್ಟೂದು ಯಾವಾಗಿಂದ ಕೈಗಾರಿಕಿ ಆತ್ರಿ?" ಎಂದು ಕಾಕು ರೇಗಿದರು. ಗಿರಾಕಿಗಳೆಲ್ಲ ಓಣಿಯವರೇ, ಅಷ್ಟು ದೂರ ಯಾರು ಬಂದಾರು ಎಂಬ ಚಿಂತೆ ಅವರಿಗೆ.

ಕೊನೆಗೆ ಗೋಕುಲ ರಸ್ತೆಯ ಕೈಗಾರಿಕಾ ವಲಯದಲ್ಲೊಂದು ಶೆಡ್ಡು ಹಿಡಿದರು. ಮೊದಲ ದಿನವೇ ನಾನು ಓಣಿಯವರ ಮೆಣಸಿನಕಾಯಿಯನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಹೋದೆ. ದೂರು ಕೊಟ್ಟವರ ಚೀಲವೂ ಅದರಲ್ಲಿತ್ತು. ಕಾಕು ರೂಢಿಯಂತೆ ಪಕ್ಕದ ಲೇತ್ ಅಂಗಡಿಗೆ ಹೋಗಿ, "ಅರಬಿ ಒಳಗ ತಗೋರಿ" ಎನ್ನುತ್ತಿದ್ದರು.

ಲೇತಿನವನು ಎಣ್ಣೆಗೈ ಒರೆಸಿಕೊಳ್ಳುತ್ತ ನಕ್ಕ. "ಇಲ್ಲಿ ಯಾರ ಅರಬಿ ಒಣಗತಾವ್ರಿ ಅವ್ವಾರ? ಬಾಗಲಾ ತಗದ ಕುಟ್ರಿ."

ಬಾಗಿಲು ತೆರೆದೇ ಗಿರಣಿ ಹಚ್ಚಿದರು. ನನಗೆ ಜೋರಾಗಿ ಸೀನು ಬಂತು. ಕಾಕುವಿನ ಕೈ ಸ್ವಿಚ್ಚಿನವರೆಗೆ ಹೋಗಿ, ಅಲ್ಲೇ ತಡೆಯಿತು.

"ಸೀನ ತಂಗೀ, ಬೇಕಾದಷ್ಟ ಸೀನ" ಎಂದು ನಗುತ್ತ, ಅದೇ ಕೈಯಿಂದ ಇನ್ನೊಂದು ಹಿಡಿ ಮೆಣಸಿನಕಾಯಿ ಸುರಿದರು.