ನಿಂತರೆ ಮತ್ತೆ ಏಳದ ಕಾರು

ನನ್ನ ಮೊಮ್ಮಗಳ ಕಾರಿನಲ್ಲಿ ಮುಂದಿನ ಸೀಟು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಟೆಂಪೋದಲ್ಲಿ ಬುಟ್ಟಿಗಳ ನಡುವೆ ಮೊಣಕಾಲು ಮಡಚಿ ಕೂತವಳು ನಾನು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂಬೆಹಣ್ಣಿನ ಚೀಲಗಳ ಮೇಲೆ ಕೂತು ಇಂಡಿ ಪೇಟೆ ಕಂಡವಳು. ಬಸ್ಸಿನಲ್ಲಿ ನನಗೆ ಯಾವಾಗಲೂ ಸಿಕ್ಕಿದ್ದು ಹಿಂದಿನ ಗಾಲಿಯ ಮೇಲಿನ ಸೀಟು. ಈಗ ಈ ವಯಸ್ಸಿನಲ್ಲಿ ಗಾಜಿನ ಎದುರಿಗೆ ಬೆಲ್ಟು ಕಟ್ಟಿಕೊಂಡು ಕೂರುತ್ತೇನೆ. ದಾರಿ ನನ್ನ ಕಡೆಗೇ ಓಡಿ ಬರುತ್ತದೆ. ಎಡಕ್ಕೆ ದ್ರಾಕ್ಷಿ ತೋಟ, ಬಲಕ್ಕೆ ಕಬ್ಬು, ಪಕ್ಕದಲ್ಲಿ ನಾನು ಎತ್ತಿ ಆಡಿಸಿದ ಹುಡುಗಿ. ಇದಕ್ಕಿಂತ ಹೆಚ್ಚು ಏನು ಬೇಡಲಿ?

ನಾನು ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ಮೊಮ್ಮಗಳು ಮೋರಟಗಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ನಮ್ಮ ತೋಟದ ಮನೆ ಇಂಡಿಯ ಹತ್ತಿರ. ಮೊದಲು ಅವಳು ಬಸ್ಸು ಬದಲಿಸುತ್ತ ಹೋಗಿ ಬರುತ್ತಿದ್ದಳು. ಸಂಜೆ ಬಂದರೆ ಚಪ್ಪಲಿ ಬಿಡಲೂ ಆಗದಷ್ಟು ದಣಿವು. ಕಾರು ಬಂದ ಮೇಲೆ ಸಂಜೆ ಅವಳು ಬರುವಾಗ ಇನ್ನೂ ಬಿಸಿಲಿರುತ್ತದೆ, ನನ್ನ ಜೊತೆ ಕೂತು ಚಹಾ ಕುಡಿಯುತ್ತಾಳೆ. ನನ್ನ ಪಾಲಿಗೆ ಕಾರೆಂದರೆ ಆ ಚಹಾದ ಹೊತ್ತು.

ಆ ಕಾರಿಗೊಂದು ವಿಶೇಷ ಗುಣವಿತ್ತು. ನಿಂತಾಗ ಗೇರು ತೆಗೆದು, ಕ್ಲಚ್ಚಿನ ಮೇಲಿನ ಕಾಲು ಎತ್ತಿದರೆ ಇಂಜಿನ್ನು ತಾನೇ ಬಂದ್ ಆಗುತ್ತಿತ್ತು. ಮತ್ತೆ ಕ್ಲಚ್ ಒತ್ತಿದರೆ ಕೀಲಿ ಮುಟ್ಟದೆ ತಾನೇ ಚಾಲೂ. ಮೊದಲ ಸಲ ಅದು ಸದ್ದಿಲ್ಲದೆ ನಿಂತಾಗ ನನಗೆ ಗಾಬರಿಯಾಯಿತು.

"ಕೆಟ್ಟತೇನವ್ವ?" ಎಂದೆ.

"ಕೆಟ್ಟಿಲ್ಲ ಆಯಿ. ಸುಮ್ನ ನಿಂತಾಗ ಎಣ್ಣಿ ಯಾಕ ಸುಡಬೇಕಂತ ತಾನ ಬಂದ್ ಆಗ್ತೇತಿ. ಕಾಲ ಒತ್ತಿದ್ರ ತಾನ ಏಳ್ತೇತಿ ನೋಡು."

"ಹಂಗಾದ್ರ ನಿಮ್ಮ ಮುತ್ಯಾಗಿಂತ ಚಲೋ ಬಿಡು. ಅವ್ರು ಒಮ್ಮೆ ಕುಂತ್ರ ಏನ್ ಒತ್ತಿದ್ರೂ ಏಳಂಗಿಲ್ಲ."

ಅವಳ ಮುತ್ಯಾ ಎಂದರೆ ನಮ್ಮ ಯಜಮಾನರು. ಈ ಮಾತು ಅವರ ಕಿವಿಗೂ ಬಿತ್ತು. ಅವರು ಕಟ್ಟೆಯಿಂದ ಏಳಲಿಲ್ಲ.

ಜೋಳದ ರಾಶಿ ಮುಗಿದು ಚೀಲಗಳು ಮನೆಗೆ ಬಂದವು. ಕಾರು ನಿಲ್ಲುವ, ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನಲ್ಲೇ ಒಂದು ಕಡೆ ಅವನ್ನು ಒಟ್ಟಿದೆವು. ಆ ದಿನಗಳಲ್ಲೇ ಕಾರಿನ ಈ ಗುಣ ಅರ್ಧ ಕೆಟ್ಟಿತು. ತಾನೇ ನಿಲ್ಲುವುದೇನೋ ನಿಲ್ಲುತ್ತಿತ್ತು, ಆದರೆ ಕ್ಲಚ್ ಒತ್ತಿದರೆ ಏಳುತ್ತಿರಲಿಲ್ಲ. ಮುಂದೆ ಹಳದಿ ದೀಪ ಹತ್ತುತ್ತಿತ್ತು. ಕೀಲಿ ಪೂರ್ತಿ ಹಿಂದಕ್ಕೆ ತಿರುಗಿಸಿ ಮತ್ತೆ ಚಾಲೂ ಮಾಡಬೇಕು. ಲಚ್ಯಾಣದ ಕಡೆ ರೈಲ್ವೆ ಗೇಟಿನಲ್ಲಿ ಒಮ್ಮೆ ಹೀಗಾಯಿತು. ಗೇಟು ತೆರೆದ ಕೂಡಲೇ ಹಿಂದಿನವರೆಲ್ಲ ಹಾರ್ನು ಒತ್ತಿದರಂತೆ. ಬೈಕಿನವನೊಬ್ಬ ಕಿಟಕಿಯ ಹತ್ತಿರ ಬಂದು, "ಅಕ್ಕಾರ, ಗಾಡಿ ಬಾಜೂಕ ಹಚ್ಚಿ ಮನ್ಯಾಗಿನ ಗಂಡಸರಿಗೆ ಫೋನ್ ಮಾಡ್ರಿ" ಎಂದನಂತೆ. ಮೊಮ್ಮಗಳು ಅದನ್ನು ನಗುತ್ತಲೇ ಹೇಳಿದಳು. ಅವಳ ಅಪ್ಪ ನಗಲಿಲ್ಲ.

ನನ್ನ ಮಗ ಕೆಟ್ಟವನಲ್ಲ. ಮಗಳು ಮನೆಗೆ ಬರುವ ಹೊತ್ತಿಗೆ ತೋಟದ ಗೇಟಿನ ಹತ್ತಿರ ಏನಾದರೂ ಕೆಲಸ ಹುಡುಕಿಕೊಂಡು ನಿಂತಿರುತ್ತಾನೆ. ಅವಳು ಕಾರು ಓಡಿಸುವಾಗ ಹಿಂದೆ ಕೂತರೆ ಅವನ ಬಲಗಾಲು ತಾನೇ ಬ್ರೇಕು ಒತ್ತುತ್ತಿರುತ್ತದೆ, ಅಲ್ಲಿ ಬ್ರೇಕು ಇಲ್ಲದಿದ್ದರೂ. ಗ್ಯಾರೇಜಿಗೆ ಒಯ್ದು ಬ್ಯಾಟರಿ ಬದಲಿಸಿಕೊಂಡು ಬಂದ. ಬ್ಯಾಟರಿ ಸೋತರೆ ಹೀಗಾಗುತ್ತದಂತೆ. ಹೊಸ ಬ್ಯಾಟರಿ ಬಂದ ಮೇಲೂ ಕಾರು ಏಳಲಿಲ್ಲ. ಆಗ ಅವನು ತಪ್ಪು ಹೊರಿಸಿದ್ದು ಮಗಳ ಮೇಲೆ.

"ಗಾಡೀದ ಏನೂ ಇಲ್ಲ. ನಿನ್ನ ಕಾಲಂದ ಐತಿ. ನೀ ಕ್ಲಚ್ ಪೂರಾ ಒತ್ತಂಗಿಲ್ಲ."

"ಒತ್ತೇನಪ್ಪಾ."

"ಒತ್ತಿದ್ರ ಯಾಕ ಏಳಂಗಿಲ್ಲ? ಹಿಂದ ಟ್ರಕ್ ಬಂದ್ರ ಏನ್ ಮಾಡ್ತಿ? ಆಯೀನ್ನ ಮುದ್ದೇಬಿಹಾಳಕ್ಕ ಕರಕೊಂಡ ಹೋಗ್ತೇನಿ ಅಂದಿದ್ದಿ ಹೌದಿಲ್ಲೊ? ಐತವಾರ ನಾನೂ ಬರ್ತೇನಿ. ದಾರ್ಯಾಗ ಒಮ್ಮೆ ಏಳಲಿಲ್ಲ ಅಂದ್ರ ಕೀಲಿ ನಿಮ್ಮ ಕಾಕಾಗ ಕೊಡ್ತೇನಿ. ನೀ ಬಸ್ಸಿಗೆ ಹೋಗು."

ಕಾಕಾ ಎಂದರೆ ನನ್ನ ಕಿರಿಯ ಮಗ. ಅಂದು ಸಂಜೆ ಚಹಾ ಕುಡಿಯುವಾಗ ನಾನು ಕೇಳಿದೆ, "ಅದು ತಾನ ಬಂದ್ ಆಗೂದನ್ನ ನಿಲ್ಲಸೂ ಬಟನ್ ಐತಿ ಅಂದಿದ್ದ್ಯಲ್ಲ, ಒತ್ತಿಬಿಡು."

"ಎಷ್ಟ ಸಲ ಕೀಲಿ ತಿರುವ್ತೇನಿ ಅಷ್ಟೂ ಸಲ ಒತ್ತಬೇಕ ಆಯಿ. ಒಂದಿನ ಮರತ್ರ ಮತ್ತ ಅದ ಹಾಡು. ಅದು ಯಾಕ ಏಳವಲ್ದು ಅನ್ನೂದು ನನಗ ತಿಳೀಬೇಕು."

ಬಸ್ಸಿಗೆ ಹೋಗು ಎನ್ನುವುದು ಹೇಳಲು ಸುಲಭ. ಅವಳ ಕೈಯಿಂದ ಆ ಕೀಲಿ ಹೋದರೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಮ್ಮೆ ಗಂಡಸರ ಮೊಳೆಗೆ ಸಿಕ್ಕಿಸಿದ ಕೀಲಿಯನ್ನು ಹೆಣ್ಣುಮಕ್ಕಳು ಪ್ರತಿ ಸಲ ಕೇಳಿಯೇ ಇಸಿದುಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ಹೊರಟೆವು. ಸೊಸೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮುದ್ದೇಬಿಹಾಳದಲ್ಲಿ ನನ್ನ ತಂಗಿ ಇದ್ದಾಳೆ, ಮೊಣಕಾಲು ನೋವಿನಿಂದ ಅವಳಿಗೆ ಎಲ್ಲೂ ಹೋಗಲಾಗದು. ಅವಳಿಗೆಂದು ನಮ್ಮ ತೋಟದ ನಿಂಬೆಯ ಉಪ್ಪಿನಕಾಯಿಯ ಭರಣಿಯನ್ನು ಕಾಲ ನಡುವೆ ಇಟ್ಟುಕೊಂಡೆ. ಎಮ್ಮೆ ನೋಡಿಕೊಳ್ಳಲು ಯಜಮಾನರು ಮನೆಯಲ್ಲೇ ಉಳಿದರು. ಹೊರಡುವಾಗ ಕಾರಿನ ಮೂತಿಯ ಮೇಲೆ ಎತ್ತಿನ ಹಣೆ ತಟ್ಟುವ ಹಾಗೆ ಎರಡು ಸಲ ತಟ್ಟಿ, "ಹುಷಾರಿ" ಎಂದರು. ಮೊಮ್ಮಗಳಿಗೆ ಹೇಳಿದರೋ ಕಾರಿಗೆ ಹೇಳಿದರೋ ತಿಳಿಯಲಿಲ್ಲ.

ದಾರಿಯಲ್ಲಿ ಮೊಮ್ಮಗಳು ಎ.ಸಿ.ಯ ತಣ್ಣನೆಯ ಗಾಳಿ ಬಿಟ್ಟಾಗ ನನ್ನ ಮೂಗಿಗೆ ತಂಬಾಕಿನ ವಾಸನೆ ಬಡಿಯಿತು.

"ಗಾಡ್ಯಾಗ ಯಾರ ತಂಬಾಕ ತಿಂದೀರಿ?" ಎಂದೆ.

"ನಾ ಯಾವಾಗ ತಿಂದೇನಬೇ?" ಎಂದ ಹಿಂದಿನಿಂದ ಮಗ. "ತಿನ್ನಾಂವ ನಮ್ಮಪ್ಪ. ಅವನೂ ಬಿಟ್ಟಾನ."

"ಬಿಟ್ಟೇನಿ ಅಂತ ಹೇಳ್ಯಾರ," ಎಂದೆ. ಹೋದ ವರ್ಷ ಡಾಕ್ಟರ ಮುಂದೆ ನನ್ನ ತಲೆ ಮುಟ್ಟಿ ಹೇಳಿದ್ದರು.

ಸಿಂದಗಿಯ ಸರ್ಕಲ್ಲಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಅಡ್ಡ ನಿಂತಿದ್ದವು. ಕಾರು ನಿಂತಿತು, ಇಂಜಿನ್ನು ತಣ್ಣಗಾಯಿತು. ದಾರಿ ತೆರವಾದಾಗ ಮೊಮ್ಮಗಳು ಕಾಲು ಒತ್ತಿದಳು. ನಾನು ಬಗ್ಗಿ ಅವಳ ಕಾಲನ್ನೇ ನೋಡುತ್ತಿದ್ದೆ. ಕ್ಲಚ್ಚು ನೆಲಕ್ಕೆ ಹತ್ತುವಷ್ಟು ಒತ್ತಿದ್ದಳು. ಕಾರು ಏಳಲಿಲ್ಲ. ಕೀಲಿ ತಿರುಗಿಸಿದಳು, ಎದ್ದಿತು.

"ಆತಲ್ಲ," ಎಂದ ಮಗ. "ಬಾಜೂಕ ಹಚ್ಚು. ನಾ ಹೊಡಿತೇನಿ."

"ಪೂರಾ ಒತ್ತ್ಯಾಳೋ. ನಾ ನೋಡೇನಿ," ಎಂದೆ.

"ನಿನಗೇನ್ ತಿಳೀತೇತಿ ಸುಮ್ನಿರವ್ವಾ."

ಅವಳು ಇಳಿದು ಹಿಂದೆ ಹೋಗಿ ಕೂತಳು. ನಾನು ತಿರುಗಿ ನೋಡಿದರೆ ಮುಖ ಕಿಟಕಿಯ ಕಡೆಗಿತ್ತು. ಚಿಕ್ಕವಳಿದ್ದಾಗ ಅಳು ನುಂಗುವಾಗ ಅವಳ ಗದ್ದದಲ್ಲಿ ಒಂದು ಕುಳಿ ಬೀಳುತ್ತಿತ್ತು. ಈಗಲೂ ಬಿದ್ದಿತ್ತು. ಭರಣಿ ಹಿಡಿದ ನನ್ನ ಕೈಗೆ ಅವಳ ಗದ್ದ ಸವರುವ ಆಸೆಯಾಯಿತು, ಬೆಲ್ಟು ಬಿಡಲಿಲ್ಲ.

ಬಸವನ ಬಾಗೇವಾಡಿಯವರೆಗೆ ಮಗನೇ ಓಡಿಸಿದ. ಅಲ್ಲಿ ಸ್ಟ್ಯಾಂಡಿನಿಂದ ಹೊರಬೀಳುತ್ತಿದ್ದ ಬಸ್ಸಿಗೆ ದಾರಿ ಬಿಟ್ಟು ನಿಲ್ಲಿಸಿದ. ಇಂಜಿನ್ನು ತಾನೇ ಬಂದ್ ಆಯಿತು. ಬಸ್ಸು ಹೋಯಿತು. ಅವನು ಕಾಲು ಒತ್ತಿದ. ಏನೂ ಇಲ್ಲ. ಎತ್ತಿ ಮತ್ತೆ ಒತ್ತಿದ. ಹಳದಿ ದೀಪ ಅವನನ್ನೇ ನೋಡುತ್ತಿತ್ತು.

"ಪೂರಾ ಒತ್ತಪ್ಪಾ," ಎಂದಳು ಹಿಂದಿನಿಂದ ಮೊಮ್ಮಗಳು, ಬಹಳ ಮೆತ್ತಗೆ.

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಮಗನ ಕಿವಿ ಕೆಂಪಾಯಿತು. ಕೀಲಿ ತಿರುಗಿಸಿ ಕಾರನ್ನು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದ. ಮೊಮ್ಮಗಳು ಇಳಿದು ಬಂದಳು, ಮುಖ ಬೇರೆಯೇ ಆಗಿತ್ತು. ಶಾಲೆಯಲ್ಲಿ ಹೀಗೇ ನಿಲ್ಲುತ್ತಾಳೇನೋ.

"ಅಪ್ಪಾ, ಕೀಲಿ ತಿರುವಿದ್ರ ಏಳ್ತೇತಿ, ತಾನಾಗಿ ಅಷ್ಟ ಏಳವಲ್ದು. ಬ್ಯಾಟರಿ ಸತ್ತಿದ್ರ ಎರಡಕ್ಕೂ ಏಳಬಾರದು. ಕ್ಲಚ್ಚೂ ಅಲ್ಲ, ಕೀಲಿ ತಿರುವೂಮುಂದೂ ಕ್ಲಚ್ ಒತ್ತೇ ತಿರುವ್ತೇವಿ. ತಾನಾಗಿ ಏಳಬ್ಯಾಡ ಅಂತ ಅದಕ್ಕ ಏನೋ ತಡ್ಯಾಕತ್ತೇತಿ."

"ಏನ್ ತಡೀತೇತಿ?"

"ಬಾಗಲಾ ತಗದಿದ್ರ, ಬೆಲ್ಟ್ ಬಿಚ್ಚಿದ್ರ, ಬಾನೆಟ್ ತಗದಿದ್ರ ಏಳಂಗಿಲ್ಲ. ಯಾರರ ಒಳಗ ಕೈ ಇಟ್ಟಿರ್ತಾರಂತ. ಬಾಗಲಾ, ಬೆಲ್ಟ್ ಎಲ್ಲಾ ನೋಡೇನಿ. ಬಾನೆಟ್ ಮುಚ್ಚೇ ಇರ್ತೇತಿ ಅಂತ ಅದೊಂದ ಬಿಟ್ಟಿದ್ದೆ."

ಬಾನೆಟ್ಟು ಎತ್ತಿದಳು. ಬಿಸಿ ಗಾಳಿಯ ಜೊತೆಗೆ ಆ ವಾಸನೆ ನನ್ನ ಮುಖಕ್ಕೇ ಬಂತು. ಇಂಜಿನ್ನು ನನಗೆ ತಿಳಿಯದು, ತಂಬಾಕು ತಿಳಿಯುತ್ತದೆ. ಅದರ ಪಕ್ಕದಲ್ಲಿ ಸಂಸಾರ ಮಾಡಿದವಳು ನಾನು. ಮೂಗು ಕರೆದ ಕಡೆ ಬಗ್ಗಿ ನೋಡಿದೆ. ಬಾನೆಟ್ಟಿನ ಚಿಲಕ ಬೀಳುವ ಜಾಗದ ಕೆಳಗೆ, ಧೂಳು ಹಿಡಿದು ಕಪ್ಪಾದ ಒಂದು ಸಣ್ಣ ಬಟ್ಟೆಯ ಗಂಟು ತೂಗಾಡುತ್ತಿತ್ತು. ಉಗುರಿನಿಂದ ಧೂಳು ಕೆರೆದೆ. ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ದಡಿ. ಮೇಲೆ ಚೀಲದ ಬಾಯಿಗೆ ಹಾಕುವ ಗಂಟು. ನಮ್ಮ ಮನೆಯಲ್ಲಿ ಹಾಗೆ ಎಳೆದು ಬಿಗಿಯುವವರು ಒಬ್ಬರೇ.

ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ಗಂಟಿನ ದಾರ ಒಂದು ಪುಟ್ಟ ಸ್ವಿಚ್ಚನ್ನು ಸುತ್ತಿಕೊಂಡು ಇಳಿದಿತ್ತು. ಬಾನೆಟ್ಟು ಮುಚ್ಚಿದೆಯೋ ಇಲ್ಲವೋ ಎಂದು ಕಾರಿಗೆ ಹೇಳುವುದು ಅದೇ ಸ್ವಿಚ್ಚು. ಓಡುವಾಗ ಗಾಳಿ ಗಂಟನ್ನು ಹಿಂದಕ್ಕೆ ಎತ್ತಿ ಹಿಡಿಯುತ್ತಿತ್ತು. ಕಾರು ನಿಂತು ಇಂಜಿನ್ನು ಬಂದ್ ಆಗುವಾಗಿನ ಸಣ್ಣ ಅಲುಗಾಟಕ್ಕೆ ಗಂಟು ಕೆಳಗೆ ಜೋತು ಸ್ವಿಚ್ಚನ್ನು ಎಳೆಯುತ್ತಿತ್ತು. ಬಾನೆಟ್ಟು ತೆರೆದಿದೆ, ಯಾರದೋ ಕೈ ಒಳಗಿದೆ ಎಂದುಕೊಂಡು ಕಾರು ಸುಮ್ಮನಿರುತ್ತಿತ್ತು. ಪಾಪ, ಒಳ್ಳೆಯದನ್ನೇ ಮಾಡುತ್ತಿತ್ತು.

"ಗ್ಯಾರೇಜಿನವ್ರಿಗೆ ಕಂಡಿಲ್ಲೇನು?" ಎಂದ ಮಗ.

"ಕಂಡಿರತೇತಿ. ಎಲ್ಲಾರ ಗಾಡ್ಯಾಗೂ ಏನಾರ ಒಂದ ಕಟ್ಟಿರ್ತಾರಂತ ಬಿಟ್ಟಿರ್ತಾರ."

ನಾನು ಮನೆಗೆ ಫೋನು ಹಚ್ಚಿಸಿಕೊಂಡೆ.

"ಏನ್ರೀ, ಕಾರಿನ ಮೂತ್ಯಾಗ ಏನ್ ಕಟ್ಟೀರಿ?"

ಆ ಕಡೆ ಎಮ್ಮೆಯ ಮುಂದೆ ಮೇವು ಒಗೆಯುವ ಸದ್ದು ಕೇಳಿತು. ಆಮೇಲೆ, "ಇಲಿ ಬರಬಾರ್ದಂತ ಕಟ್ಟೇನಿ, ನಾತಕ್ಕ ಓಡ್ತಾವು," ಎಂದರು. "ಜ್ವಾಳದ ಚೀಲ ಬಾಜೂಕ ಅದಾವು. ಹ್ವಾದ ವರ್ಷ ಟ್ರ್ಯಾಕ್ಟರಿನ ವಾಯರ್ ಕಡದಿದ್ದಿಲ್ಲೇನು? ಹುಡಿಗಿ ಒಬ್ಬಾಕಿನ ಹೋಗಾಕಿ. ನಡುದಾರ್ಯಾಗ ಗಾಡಿ ನಿಂತ್ರ ಏನ್ ಮಾಡ್ತಾಳ?"

ಆದರೂ ಕೇಳುವುದನ್ನು ಬಿಡಲಿಲ್ಲ.

"ಅದ ಖರೆ. ತಂಬಾಕ ಎಲ್ಲಿಂದ ಬಂತು?"

"ಇಲಿಗಂತ ತಂದೇನಿ."

"ಇಲಿಗಂತ ತಂದಿದ್ರೊಳಗ ನಿಮ್ಮ ಪಾಲ ಎಷ್ಟ?"

"ಎಮ್ಮಿ ಒದರಾಕತ್ತೇತಿ, ಇಡ್ತೇನಿ," ಎಂದು ಫೋನು ಇಟ್ಟರು. ಎಮ್ಮೆ ಒದರಿದ್ದು ನಮಗ್ಯಾರಿಗೂ ಕೇಳಿರಲಿಲ್ಲ.

ನಾವು ಮೂವರೂ ಆ ಬೇವಿನ ಮರದ ಕೆಳಗೆ ನಕ್ಕದ್ದು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ. ಕಾರು ನಿಲ್ಲಬಾರದೆಂದು ಕಟ್ಟಿದ ಗಂಟೇ ಕಾರನ್ನು ಏಳಗೊಡದೆ ಹಿಡಿದಿತ್ತು. ಗಂಡನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಾಯಿ ಬಿಟ್ಟು ಪ್ರೀತಿ ಹೇಳದ ಮನುಷ್ಯ, ನನ್ನ ಸೀರೆಯ ದಡಿ ಹರಿದು, ತನ್ನ ಕದ್ದ ತಂಬಾಕಿನಲ್ಲಿ ಮೊಮ್ಮಗಳಿಗೂ ಒಂದು ಪಾಲು ಎತ್ತಿಟ್ಟಿದ್ದ. ದೇವರು ನನಗೆ ಇಂಥವರನ್ನೇ ಸುತ್ತ ಕೊಟ್ಟಿದ್ದಾನೆ, ನಾನು ಕೇಳದೆಯೇ.

ಮೊಮ್ಮಗಳು ಗಂಟನ್ನು ಬಿಚ್ಚಿದಳು, ಎಸೆಯಲಿಲ್ಲ. ಸ್ವಿಚ್ಚಿನಿಂದ ದೂರ, ಬಿಸಿ ತಾಗದ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಕಟ್ಟಿದಳು. "ಇಲಿ ಅಂತೂ ಖರೇನ ಬರ್ತಾವು," ಎಂದಳು.

ಮಗ ಕೀಲಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದ.

"ನಾನೂ ಪೂರಾನ ಒತ್ತಿದ್ದೆ," ಎಂದ.

"ಗೊತ್ತೈತಪ್ಪಾ."

"ನೀನೂ ಒತ್ತಿದ್ದಿ."

ಅವಳು ತಲೆ ಆಡಿಸಿದಳು. ಅವನು ಕೀಲಿಯನ್ನು ಅವಳ ಕೈಗೆ ಕೊಟ್ಟ. ಹಿಂದಿನ ಬಾಗಿಲು ತೆಗೆದು, ರೊಟ್ಟಿಯ ಗಂಟು ಪಕ್ಕಕ್ಕೆ ಸರಿಸಿ ಕೂತ. ಕಾಕಾನ ಹೆಸರು ಮತ್ತೆ ಎತ್ತಲಿಲ್ಲ.

ಮುದ್ದೇಬಿಹಾಳ ಹತ್ತಿರ ಬಂದಾಗ ಒಂದು ಕುರಿ ಹಿಂಡು ರಸ್ತೆಗೆ ಅಡ್ಡ ಬಂತು. ಮೊಮ್ಮಗಳು ನಿಲ್ಲಿಸಿದಳು. ಇಂಜಿನ್ನು ಬಂದ್ ಆಯಿತು. ಕುರಿಗಳ ಗೊರಸಿನ ಸದ್ದು, ಕುರುಬನ ಹೈ ಹೈ, ಅಷ್ಟೇ. ನಾನು ಭರಣಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡೆ. ಕೊನೆಯ ಮರಿ ಕುಂಟುತ್ತ ದಾಟಿತು. ಅವಳು ನನ್ನ ಕಡೆ ನೋಡಿ ಕಾಲು ಒತ್ತಿದಳು.

ಕಾರು ಎದ್ದಿತು. ಕೀಲಿ ಮುಟ್ಟದೆ, ಹಳದಿ ದೀಪವಿಲ್ಲದೆ.

"ಅಪ್ಪಾ ನೋಡಿದೇನು?" ಎಂದಳು ಅವಳು. ನಾನು ತಿರುಗಿ ನೋಡಿದೆ. ಮಗ ಬಾಯಿ ಅರ್ಧ ತೆರೆದು, ತಲೆಯನ್ನು ಗಾಜಿಗೆ ಆನಿಸಿ, ಗಾಢ ನಿದ್ದೆಯಲ್ಲಿದ್ದ. ಇಲ್ಲದ ಬ್ರೇಕನ್ನು ಒತ್ತುತ್ತಿದ್ದ ಆ ಬಲಗಾಲು ಸಡಿಲಾಗಿ ಸೀಟಿನ ಕೆಳಗೆ ಚಾಚಿಕೊಂಡಿತ್ತು.

"ಮಲಗ್ಯಾನವ್ವ," ಎಂದೆ.

ಅವಳು ಕನ್ನಡಿಯಲ್ಲಿ ಅಪ್ಪನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹಾರ್ನು ಒತ್ತದೆ, ತಗ್ಗುಗಳನ್ನು ತಪ್ಪಿಸುತ್ತ, ನನ್ನ ತಂಗಿಯ ಮನೆಯವರೆಗೆ ಮೆಲ್ಲಗೆ ಓಡಿಸಿಕೊಂಡು ಹೋದಳು.