ಒಂದೇ ಶಬ್ದದ ಕೇಳುವಿಕೆ

ನಮ್ಮದು ಉಡುಪಿ ಕಡೆಯ ಸಂಸಾರ. ನವಿ ಮುಂಬೈಯ ನೆರೂಳದ ಮನೆಯೊಳಗೆ ತುಳು, ಹೊರಗೆ ಹಿಂದಿ, ಮರಾಠಿ. ಕಾಲೇಜಿಗೆ ಹೋಗುತ್ತಿದ್ದ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. "ಮುಂಬೈಯಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಎಲ್ಲಿಂದ ಬರಬೇಕು?" ಎಂದು ನೆಂಟರು ಅಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆಯಾದರೂ ಅವರ ಬಾಯಿ ಮುಚ್ಚಿಸಬೇಕೆಂದು ಡೊಂಬಿವಲಿಯ ಕನ್ನಡ ಸಂಘದ ಭಾಷಣ ಸ್ಪರ್ಧೆಗೆ ಅವಳ ಹೆಸರು ಕೊಟ್ಟೆ.

ಜಗತ್ತಿನ ಧರ್ಮಗಳ ಬಗ್ಗೆ ಮಾತಾಡಬೇಕಿತ್ತು. ಇವಳು ಹುಡುಕಿ ಹುಡುಕಿ ಸೈಂಟಾಲಜಿ ಎಂಬ ಅಮೆರಿಕದ ಹೊಸ ಧರ್ಮವನ್ನು ಆರಿಸಿಕೊಂಡಳು. ಯಾರಿಗೂ ಗೊತ್ತಿಲ್ಲದ್ದು, ತಪ್ಪಾದರೂ ತಿಳಿಯುವುದಿಲ್ಲ ಎಂಬ ಲೆಕ್ಕಾಚಾರ. ಸ್ವಲ್ಪ ನನ್ನ ಬುದ್ಧಿಯೇ ಬಂದಿದೆ.

ವೇದಿಕೆಯಲ್ಲಿ ತಡವರಿಸುತ್ತಲೇ ಶುರುಮಾಡಿದಳು. ಅವರ ಪ್ರಕಾರ ಮನುಷ್ಯನೆಂದರೆ ದೇಹವಲ್ಲ, ಸಾವಿಲ್ಲದ ಚೇತನ. ಅದಕ್ಕೆ ಥೀಟನ್ ಎಂಬ ಹೆಸರು. ನಮ್ಮ ಆತ್ಮದ ಹಾಗೆ ಅದಕ್ಕೂ ಹಿಂದಿನ ಜನ್ಮಗಳುಂಟು. ಬೌದ್ಧರು ಮರುಜನ್ಮ ಒಪ್ಪಿದರೂ ಅಂಥ ಶಾಶ್ವತ ಆತ್ಮವನ್ನು ಒಪ್ಪುವುದಿಲ್ಲ. ಇಷ್ಟು ಹೇಳಿ, "ಇವರ ಮುಖ್ಯ ಸಾಧನೆ, ಲೆಕ್ಕಪರಿಶೋಧನೆ" ಎಂದುಬಿಟ್ಟಳು.

ಆಡಿಟಿಂಗ್ ಎಂಬ ಅವರ ಮಾತಿಗೆ ಮೊಬೈಲಿನ ನಿಘಂಟು ಕೊಟ್ಟ ಕನ್ನಡ ಅದು! ಸಭೆಯಲ್ಲಿದ್ದವರೆಲ್ಲ ಬ್ಯಾಂಕು, ಹೋಟೆಲಿನವರು. "ನಮ್ಮಲ್ಲೂ ಉಂಟು ಮಾರಾಯ್ತಿ, ಮಾರ್ಚ್‌ನಲ್ಲಿ!" ಎಂದು ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

ಮಗಳು ಕೈಯಲ್ಲಿದ್ದ ಕಾಗದ ಮಡಚಿದಳು. "ಅದಲ್ಲ. ಒಬ್ಬರು ಪ್ರಶ್ನೆ ಕೇಳ್ತಾರೆ, ಇನ್ನೊಬ್ಬರು ಹಳೇ ನೋವು ನೆನಪು ಮಾಡಿ ಹೇಳ್ತಾರೆ. ಹೇಳ್ತಾ ಹೇಳ್ತಾ ಭಾರ ಇಳಿಯುತ್ತೆ ಅಂತ ಅವರ ನಂಬಿಕೆ. ಚರ್ಚಿನಲ್ಲಿ ಪಾಪ ಹೇಳಿಕೊಂಡರೆ ದೇವರ ಕ್ಷಮೆ ಸಿಗುತ್ತೆ. ಇಲ್ಲಿ ಬರೀ ಕೇಳೋದು. ಪ್ರಶ್ನೆ ಕೇಳೋದೂ ಕೇಳೋದೇ, ಉತ್ತರ ಕೇಳೋದೂ ಕೇಳೋದೇ. ಇಂಗ್ಲಿಷಿಗೆ ಎರಡು ಶಬ್ದ ಬೇಕು, ಕನ್ನಡಕ್ಕೆ ಒಂದೇ ಸಾಕು."

ನಗು ನಿಂತಿತು. ಆಮೇಲೆ ಬಿದ್ದ ಚಪ್ಪಾಳೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೊಡೆದವಳು ನಾನೇ. ಶಾಲೆಗೆ ಸೇರಿದಂದಿನಿಂದ ಕನ್ನಡ ಆಡಿದ ನನಗೆ ಹೊಳೆಯದ್ದು ಇವಳಿಗೆ ಹೊಳೆದಿತ್ತು.

ತೀರ್ಪುಗಾರರು ಧಾರವಾಡದ ಹಿರಿಯರು. "ಭಾಳ ಚಲೋ ಹೇಳಿದಿ ನೋಡವಾ. ಯಾರು ಕಲಿಸಿದ್ರು, ನಿಮ್ಮ ಅವ್ವನೇನು?" ಎಂದರು.

"ಹೌದು ಸರ್. ನಮ್ಮಮ್ಮ ತುಂಬಾ ಕೇಳ್ತಾರೆ," ಎಂದು ನನ್ನತ್ತ ನೋಡಿದಳು. "ಆದರೆ ಕೇಳೋದೇ ಇಲ್ಲ."

ಸಭೆಯೆಲ್ಲ ನನ್ನ ಕಡೆ ತಿರುಗಿ ನಕ್ಕಿತು. ಮಾನ ಹೋಯಿತು, ನಿಜ. ಅಚ್ಚ ಕನ್ನಡದಲ್ಲಿ ಹೋಯಿತಲ್ಲ ಎಂದು ಎದೆಯುಬ್ಬಿಸಿ ಕೂತೆ.