ಡೆನಿಸ್ ಪೊರ್ಬುಗಳ ಏರ್ ಪಿಸ್ತೂಲು

ಐವತ್ತೆಂಟನೆಯ ಇಸವಿಯ ಮಾತು. ಕದ್ರಿ ಗುಡ್ಡದ ಬುಡದಲ್ಲಿ ಡೆನಿಸರದು ಒಂಟಿ ಬದುಕು. ಹೆಂಡತಿ ಲಿಲ್ಲಿ ತೀರಿಕೊಂಡ ಮೇಲೆ ಅವರ ಜೊತೆ ಮಾತಾಡುವವರೆಂದರೆ ಪಕ್ಕದ ಮನೆಯ ವಾರಿಜಾಕ್ಷಿ ಒಬ್ಬಳೇ, ಅದೂ ಬೇಸಿಗೆಯಲ್ಲಿ, ಅದೂ ಕಾಗೆಗಳ ದಯೆಯಿಂದ. ಅವಳು ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಳು. ಕಾಗೆ ಬಂದು ಕೂತರೆ ಬೇಲಿಯಾಚೆಯಿಂದ, "ಪೊರ್ಬುಗಳೇ, ಬಂತು ನೋಡಿ" ಎಂದು ಕರೆಯುತ್ತಿದ್ದಳು. ಕ್ರಿಶ್ಚಿಯನ್ನರನ್ನು ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆ.

ಡೆನಿಸರು ಏರ್ ಪಿಸ್ತೂಲು ಹಿಡಿದು ಓಡುತ್ತಿದ್ದರು. ಹಂಚಿನ ಕಾರ್ಖಾನೆಯ ದೊರೆ ತನ್ನ ದೇಶಕ್ಕೆ ಮರಳುವಾಗ ಗುಮಾಸ್ತ ಡೆನಿಸರಿಗೆ ಕೊಟ್ಟುಹೋದದ್ದು ಅದು. ಅದರ ಟ್ರಿಗರ್ ಮಹಾ ಹಟಮಾರಿ. ಒತ್ತಿದರೆ ಅರ್ಧದಲ್ಲಿ ಕರಕ್ಕೆಂದು ಸಿಕ್ಕಿಕೊಳ್ಳುತ್ತಿತ್ತು. ಬಲ ಹಾಕಿದರೆ ಕೈಯೇ ಅಲುಗಿ ಗುಂಡು ಹಲಸಿನ ಮರಕ್ಕೆ ಬಡಿಯುತ್ತಿತ್ತು. ಸದ್ದಿಗೆ ಕಾಗೆ ಹಾರುತ್ತಿತ್ತು, ವಾರಿಜಾಕ್ಷಿ ನಗುತ್ತಿದ್ದಳು, ಆಮೇಲೆ ಮೀನಿನ ಬೆಲೆ, ಮಕ್ಕಳ ಜ್ವರ ಅಂತ ನಾಲ್ಕು ಮಾತು. ಡೆನಿಸರ ಪಾಲಿಗೆ ಆ ದಿನದ ಮಾತೆಲ್ಲ ಅಷ್ಟೇ.

ಆದರೆ ಆ ನಗು ಗಂಡಸಿಗೆ ಚುಚ್ಚಿತು. ಒಂದು ಭಾನುವಾರ ಇಗರ್ಜಿಯಿಂದ ಬಂದವರೇ ಊಟದ ಮೇಜಿನ ಮೇಲೆ ಪಿಸ್ತೂಲನ್ನು ಬಿಚ್ಚಿ ಹರಡಿದರು. ಒಳಗೆ ಹಳೆಯ ಗ್ರೀಸು ಅಂಟಿನ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದರು. ಟ್ರಿಗರ್ ಹೋಗಿ ಕಚ್ಚುವ ಅಂಚನ್ನು ನಯವಾದ ಮರಳುಕಾಗದದಲ್ಲಿ ಇಷ್ಟಿಷ್ಟೇ ಉಜ್ಜಿ, ಕ್ಷೌರದ ಕತ್ತಿ ಮಸೆಯುವ ತೊಗಲಿನ ಮೇಲೆ ತಿಕ್ಕಿ, ಲಿಲ್ಲಿಯ ಹೊಲಿಗೆ ಮಿಶನ್ನಿನ ಎಣ್ಣೆ ಬಿಟ್ಟರು. ಜೋಡಿಸಿ ಒತ್ತಿದರೆ ಬೆಣ್ಣೆ. ತೋರಿಸೋಣವೆಂದು ತಿರುಗಿದರು. ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಕರೆ ಬಂತು. ಡೆನಿಸರು ಮೆತ್ತಗೆ ಒತ್ತಿದರು. ಕಾಗೆ ಹಪ್ಪಳದ ಮೇಲೆಯೇ ಬಿದ್ದು ಸತ್ತಿತು.

ಅವರು ಶಹಬ್ಬಾಸ್‌ಗಿರಿಗೆ ಕಾದರು. ವಾರಿಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಓಡಿಸ್ಲಿಕ್ಕೆ ಹೇಳಿದ್ದು ಪೊರ್ಬುಗಳೇ, ಕೊಲ್ಲಿಕ್ಕಲ್ಲ. ಮೊನ್ನೆಯಷ್ಟೇ ಅತ್ತೆಯ ಬೊಜ್ಜ ಆದದ್ದು."

ಬೊಜ್ಜದ ದಿನ, ಅಂದರೆ ಸತ್ತವರ ಉತ್ತರಕ್ರಿಯೆಯ ದಿನ, ಎಲೆಯ ಅನ್ನವನ್ನು ಕಾಗೆ ಮುಟ್ಟಿದರೆ ಸತ್ತವರೇ ಬಂದು ಉಂಡ ಹಾಗೆ ಎಂಬ ನಂಬಿಕೆ ಡೆನಿಸರಿಗೆ ತಿಳಿಯದ್ದೇನಲ್ಲ. ಎಷ್ಟೋ ಮನೆಗಳಲ್ಲಿ ಬೊಜ್ಜದೂಟ ಉಂಡವರು. ಟ್ರಿಗರಿನ ಧ್ಯಾನದಲ್ಲಿ ಅದು ನೆನಪಾಗಲಿಲ್ಲ, ಅಷ್ಟೆ.

ಅಂದಿನಿಂದ ಕರೆ ನಿಂತಿತು. ವಾರಿಜಾಕ್ಷಿ ಹಪ್ಪಳವನ್ನು ಮನೆಯ ಆಚೆ ಬದಿಗೆ ಒಯ್ದಳು. ಕಾಗೆಗಳೂ ಡೆನಿಸರ ತಲೆ ಕಂಡರೆ ಸಾಕು, ಕೂಗೆಬ್ಬಿಸಿ ಹಾರುತ್ತಿದ್ದವು. ಅವರು ಪಿಸ್ತೂಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿದರು. ಮನೆ ಎಷ್ಟು ನಿಶ್ಶಬ್ದವೆಂದು ಆಗ ಗೊತ್ತಾಯಿತು. ಒಂದು ಮಾತಿಗಾಗಿ ಜೀವ ಒದ್ದಾಡುತ್ತಿತ್ತು.

ಕೊನೆಗೊಂದು ಮಧ್ಯಾಹ್ನ ಬಾಳೆಲೆಯಲ್ಲಿ ಅನ್ನ, ಮೀನು ಬಡಿಸಿ ಬೇಲಿಯ ಪಕ್ಕದ ಕಲ್ಲಿನ ಮೇಲಿಟ್ಟರು. ನಾಚಿಕೆ ಬಿಟ್ಟು "ಕಾ, ಕಾ" ಎಂದು ಕರೆದರು. ಒಂದೂ ಬರಲಿಲ್ಲ. ಬೇಲಿಯಾಚೆ ವಾರಿಜಾಕ್ಷಿ ನಿಂತು ನೋಡುತ್ತಿದ್ದಳು.

"ನೀವು ಒಳಗೆ ಹೋಗಿ," ಎಂದಳು. "ನಿಮ್ಮನ್ನು ಕಂಡರೆ ಅವು ಬರುವುದಿಲ್ಲ. ನಾನು ಕರೀತೇನೆ."

ಡೆನಿಸರು ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಅದರ ಹಿಂದೆಯೇ ನಿಂತರು. ಹೊರಗೆ ಅವಳು ಕರೆಯತೊಡಗಿದಳು. ಕರೆದದ್ದು ಅವರನ್ನಲ್ಲ, ಕಾಗೆಗಳನ್ನು. ಆದರೂ ಆ ದನಿ ನಿಲ್ಲುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.